ಮೊಣಕೈ ಬಳಿಯ ಬಿಳಿ ದಾರ

ಹೆಬ್ಬಾಲೆ
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಸಿಂಚನಾ,

ನಿನ್ನ ಧಾರೆಯ ರವಿಕೆ ಹೊಲಿದು ಮುಗಿಯಿತು. ನಾಳೆ ಬೆಳಗ್ಗೆ ನನ್ನ ಮಗ, ನಿನ್ನ ಸುದೀಪ, ಅಮ್ಮತ್ತಿಗೆ ಬಂದು ನಿನ್ನ ಕೈಗೆ ಕೊಡುತ್ತಾನೆ. ಅದನ್ನು ಬಿಡಿಸಿ ನೋಡುವುದಕ್ಕೆ ಮೊದಲು ಈ ಕಾಗದ ಓದಿ ಮುಗಿಸು. ರವಿಕೆಯ ಜೊತೆ ಕಾಗದ ಕಳಿಸುವ ಟೈಲರನ್ನು ಎಲ್ಲೂ ಕಂಡಿಲ್ಲವೆಂದು ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. "ಪರವಾಗಿಲ್ಲ ಬಿಡಿ ಅತ್ತೆ" ಎಂದುಬಿಡುತ್ತೀಯ. ಮೊನ್ನೆಯೂ ಹಾಗೆಯೇ ಅಂದೆ. ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ಮೊನ್ನೆ ನೀನು ಹೇಳಿದ್ದು ಇಷ್ಟೇ. "ಅತ್ತೆ, ರವಿಕೆ ತೋಳು ಮಣಿಕಟ್ಟಿನವರೆಗೂ ಇಟ್ಬಿಡಿ. ನನ್ನಿಂದ ನಿಮ್ಮನೇಲಿ ಜಗಳ ಬೇಡ." ಸರಿ ಎಂದೆ. ಸಂಜೆ ದಿವ್ಯಶ್ರೀ, ಅಂದರೆ ನಮ್ಮ ಕಲ್ಲೇಶಪ್ಪ ಭಾವನ ಸೊಸೆ, ಅಂಗಡಿಗೆ ಬಂದು ಉಳಿದದ್ದನ್ನು ಹೇಳಿದಳು. ಸೋಮವಾರ ನೀನು ರಜೆ ಹಾಕಿ ಮೈಸೂರಿಗೆ ಹೋಗುತ್ತೀಯಂತೆ. ಕೈ ಮೇಲಿನ ಹಚ್ಚೆ ಅಳಿಸಿಕೊಳ್ಳಲು ಚರ್ಮದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೀಯಂತೆ. ಲೇಸರಿನಲ್ಲಿ ಸುಡುತ್ತಾರಂತೆ, ಒಂದೇ ಸಲಕ್ಕೆ ಹೋಗುವುದಿಲ್ಲವಂತೆ, ಮದುವೆಯ ಹೊತ್ತಿಗೆ ಸ್ವಲ್ಪ ಮಬ್ಬಾದರೂ ಸಾಕೆಂದು ಹೇಳಿದೆಯಂತೆ. ಅವಳು ಹೇಳುತ್ತಿದ್ದಳು, ನಾನು ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಕುಳಿತಿದ್ದೆ. ಸೂಜಿಯ ಕೆಳಗಿದ್ದದ್ದು ನಿನ್ನದೇ ರವಿಕೆ.

ನೀನು ಸೋಮವಾರ ಬಸ್ಸು ಹತ್ತುವ ಮೊದಲು ನಾನು ಹೇಳಬೇಕಾದದ್ದನ್ನೆಲ್ಲ ಹೇಳಿಬಿಡಬೇಕು. ಅದಕ್ಕೇ ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕುಳಿತಿದ್ದೇನೆ. ಗಿರಾಕಿಗಳು ಬಂದು ಇಣುಕಿ ಹೋಗುತ್ತಿದ್ದಾರೆ. ಹೋಗಲಿ ಬಿಡು, ನಾಳೆ ಬರುತ್ತಾರೆ.

ಊರಿನವರು ಕಾಲ ಬದಲಾಯಿತು ಎನ್ನುವುದನ್ನು ಬೇರೆ ಬೇರೆ ಕಡೆ ನೋಡುತ್ತಾರೆ. ನಾನು ನೋಡುವುದು ತೋಳಿನಲ್ಲಿ. ಈ ಅಂಗಡಿ ಇಟ್ಟ ಹೊಸದರಲ್ಲಿ ನಮ್ಮ ಕಡೆಯ ಹೆಂಗಸರೆಲ್ಲ ಮೊಣಕೈ ಮೇಲಕ್ಕೆ ಬಿಗಿಯಾಗಿ ಕೂರುವ ತೋಳು ಕೇಳುತ್ತಿದ್ದರು. ಕೆಳಗೆ ಮುಂಗೈ ತುಂಬ ಹಚ್ಚೆ. ಅದು ಅವರ ಪಾಲಿಗೆ ಬಳೆಯಷ್ಟೇ ಸಹಜ. ಆಮೇಲೆ ಒಂದು ಕಾಲ ಬಂತು, ಅದೇ ಹೆಂಗಸರು ಬಂದು ತಗ್ಗಿದ ದನಿಯಲ್ಲಿ "ವನಜವ್ವ, ತೋಳು ವಸಿ ಇಳಿಸೇ, ಸಿಟಿ ಬೀಗ್ರು ಬತ್ತಾರೆ" ಎನ್ನತೊಡಗಿದರು. ಮಕ್ಕಳ ಮದುವೆ, ಕಾನ್ವೆಂಟು, ಪೇಟೆಯ ನೆಂಟರು, ಎಲ್ಲಕ್ಕೂ ತೋಳು ಇಳಿಯುತ್ತಾ ಹೋಯಿತು. ಈಗ ಕುಶಾಲನಗರದ ಕಾಲೇಜು ಹುಡುಗಿಯರು ಬಂದು ತೋಳೇ ಬೇಡವೆನ್ನುತ್ತಾರೆ. ಹೋದ ವರ್ಷ ಒಬ್ಬಳು ಬೆನ್ನು ತೋರಿಸಿ "ಆಂಟಿ, ಈ ಹಕ್ಕಿ ಪೂರ್ತಿ ಕಾಣೋ ಹಾಗೆ ಕತ್ತು ಇಡಿ" ಎಂದಳು. ನಾನು ನಾಚಿಕೆಗೆ ಬಟ್ಟೆ ಸ್ವಲ್ಪ ಹೆಚ್ಚಾಗಿಯೇ ಬಿಟ್ಟೆ. ಹಾಕಿಕೊಂಡು ನೋಡಿದರೆ ಹಕ್ಕಿಗೆ ತಲೆಯೇ ಇಲ್ಲ. ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅವಳು ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ ನೋಡಿ ಖುಷಿಪಟ್ಟದ್ದು ನೋಡಿ ನನಗೂ ನಗು ಬಂತು.

ಇಷ್ಟು ಜನರ ತೋಳು ಏರಿಸಿ ಇಳಿಸಿದವಳು ಎಷ್ಟೋ ವರ್ಷದಿಂದ ನನ್ನ ತೋಳನ್ನು ಮಾತ್ರ ಮಣಿಕಟ್ಟಿನಿಂದ ಮೇಲಕ್ಕೆ ಏರಿಸಿರಲಿಲ್ಲ. ನೀನು ಅಳತೆ ಕೊಡಲು ಬಂದ ದಿನದವರೆಗೂ ಇಲ್ಲ. ಅದು ಏಕೆಂದು ನೀನು ಅವತ್ತು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ ಕೇಳು.

ನನ್ನ ತವರು ರಾಮನಾಥಪುರದ ಕಡೆ. ನಾನು ದೊಡ್ಡವಳಾದ ವರ್ಷ ಹಚ್ಚೆ ಹಾಕುವವಳು ನಮ್ಮ ಬೀದಿಗೆ ಬಂದಳು. ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಚೀಲ. ನನ್ನಜ್ಜಿ ಅವಳನ್ನು ಜಗುಲಿಗೆ ಕರೆದು ಕೂರಿಸಿ, ನನ್ನನ್ನು ಹಿಡಿದೆಳೆದು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಳು. ಸೊಪ್ಪಿನ ರಸಕ್ಕೆ ದೀಪದ ಕಪ್ಪು ಕಲಸಿ, ದಾರ ಸುತ್ತಿದ ಸೂಜಿಗಳನ್ನು ಅದರಲ್ಲಿ ಅದ್ದಿ ಅವಳು ಚುಚ್ಚತೊಡಗಿದಳು. ನನಗೆ ಬೇಡವಾಗಿತ್ತು. ಬೇಡ ಬೇಡ ಎಂದು ಕಿರುಚಿಕೊಂಡೆ. ಅಜ್ಜಿ ನನ್ನ ಕಿವಿಯ ಹತ್ತಿರ ಹೇಳುತ್ತಿದ್ದಳು, "ತಡ್ಕಳವ್ವ. ಗಂಡನ ಮನೆಯೋರು ಮೊದ್ಲು ಕೈ ನೋಡ್ತಾರೆ ಕಣವ್ವ. ಬರಿಗೈಲಿ ಹೋದ್ರೆ ನೀರೂ ಇಸ್ಕಳಲ್ಲ." ಹಚ್ಚೆಯವಳು ನೋವು ಮರೆಸಲು ಹಾಡು ಹೇಳುತ್ತಿದ್ದಳು. ಹಾಡು ಯಾವುದೆಂದು ನೆನಪಿಲ್ಲ, ಅವಳ ಬಾಯಿಂದ ಬರುತ್ತಿದ್ದ ಹೊಗೆಸೊಪ್ಪಿನ ವಾಸನೆ ಚೆನ್ನಾಗಿ ನೆನಪಿದೆ.

ಒಂದು ಚೇಳು ಹಾಕಿದಳು, ಅದು ಸರಿಯಾಗಿಯೇ ಕುಳಿತಿತು. ಆಮೇಲೆ ತೊಟ್ಟಿಲು ಹಾಕಲು ಶುರುಮಾಡಿದಳು. ಅರ್ಧ ಆಗುವಾಗ ನಾನು ಕೈ ಕೊಸರಿದೆ. ತೊಟ್ಟಿಲಿನ ಒಂದು ಕಾಲು ಉದ್ದವಾಗಿಬಿಟ್ಟಿತು. ಅಳಿಸಲಿಕ್ಕೆ ಬರುವಂಥದ್ದಲ್ಲವಲ್ಲ. ಹಚ್ಚೆಯವಳು ತಲೆ ವಾರೆ ಮಾಡಿ ನೋಡಿ, "ಹೋಗ್ಲಿ ಬಿಡವ್ವೋ, ತೂಗುವಾಗ ಸರಿಹೋಯ್ತದೆ" ಎಂದು ಎದ್ದುಹೋದಳು. ಆ ವಾರೆ ತೊಟ್ಟಿಲು ನನ್ನ ಕೈ ಮೇಲೆ ಉಳಿಯಿತು. ನನ್ನ ತಂಗಿಯರು ಈಗಲೂ ಆಡಿಕೊಳ್ಳುತ್ತಾರೆ.

ಮದುವೆಯ ದಿನ ಅಜ್ಜಿ ಹೇಳಿದ್ದು ನಿಜವಾಯಿತು. ಧಾರೆಗೆ ಕೈ ಚಾಚಿ ನಿಂತಿದ್ದೆ. ನಿನಗೂ ಗೊತ್ತಿರುವುದೇ, ನಮ್ಮಲ್ಲಿ ಗಂಡು ಹೆಣ್ಣಿನ ಕೈ ಜೋಡಿಸಿ ನಿಲ್ಲಿಸಿದರೆ ಬಂದವರೆಲ್ಲ ಸಾಲುಗಟ್ಟಿ ಬಂದು ಹಾಲು ಬಿಡುತ್ತಾರೆ. ಮದುವೆಗೆ ಬಂದವರು ಹುಡುಗಿಯ ಮುಖ ನೋಡದೆ ಹೋದಾರು, ಕೈ ನೋಡದೆ ಹೋಗಲಾರರು. ಮೊದಲು ಬಂದವರು ನನ್ನ ಅತ್ತೆ ಸಾಕಮ್ಮ. ಹಾಲಿನ ಗಿಂಡಿ ಪಕ್ಕದವರ ಕೈಗೆ ಕೊಟ್ಟು, ನನ್ನ ಕೈಯನ್ನು ಹಿಡಿದು ಮೇಲೆ ಕೆಳಗೆ ಹೊರಳಿಸಿದರು. ಚೇಳು ನೋಡಿದರು. ವಾರೆ ತೊಟ್ಟಿಲು ನೋಡಿದರು. ಮುಖ ಅರಳಿತು. "ಹಾಕ್ಸವ್ರೆ. ಚೆಂದಾಗೈತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಾಲು ಬಿಟ್ಟರು. ಅವತ್ತು ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಬೇಡವೆಂದು ಅತ್ತದ್ದನ್ನೆಲ್ಲ ಮರೆತುಬಿಟ್ಟೆ. ಆಗ ಪಕ್ಕದಲ್ಲಿ ನಿಂತು ಗಿಂಡಿ ಹಿಡಿದುಕೊಂಡಿದ್ದವರು ಯಾರು ಗೊತ್ತೇ? ಸಾಕಮ್ಮನವರ ಹಿರಿಮಗ, ನಮ್ಮ ಕಲ್ಲೇಶಪ್ಪ ಭಾವ.

ಆಮೇಲಿನದು ಸುದೀಪ ಕೂಡಿಗೆಯ ಶಾಲೆಗೆ ಹೋಗುತ್ತಿದ್ದಾಗಿನ ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ತಂದೆತಾಯಿಯರನ್ನು ಕರೆದಿದ್ದರು. ನಾನು ಹಿಂದಿನ ದಿನವೇ ಹೊಸ ರವಿಕೆ ಹೊಲಿದಿಟ್ಟುಕೊಂಡು ಹೊರಡುವ ಸಡಗರದಲ್ಲಿದ್ದೆ. ಇವನು ಬಾಗಿಲಲ್ಲಿ ನಿಂತು ನೆಲ ನೋಡುತ್ತಾ, "ಅಮ್ಮ, ನೀನು ಉದ್ದ ತೋಳಿಂದು ಹಾಕ್ಕೊಂಡು ಬಾ. ಎಲ್ರೂ ನಿನ್ನ ಕೈ ನೋಡಿ ಕಾಡಿನವರು ಅಂತಾರೆ" ಎಂದ. ಪಾಪ, ಅವನು ಸಣ್ಣವನು. ಯಾರೋ ಹುಡುಗರು ಆಡಿಕೊಂಡಿರಬೇಕು. ಬೈಯಲಿಲ್ಲ, ಕೇಳಲೂ ಇಲ್ಲ. ಒಳಗೆ ಹೋಗಿ ಚಳಿಗಾಲದ ಸ್ವೆಟರ್ ಹಾಕಿಕೊಂಡು ಬಂದೆ. ಸೆಕೆಗೆ ಬೆವರುತ್ತಾ ಮಗನ ಕುಣಿತ ನೋಡಿ ಚಪ್ಪಾಳೆ ತಟ್ಟಿದೆ. ಮರುದಿನದಿಂದ ನನ್ನ ರವಿಕೆಗಳಿಗೆಲ್ಲ ಮಣಿಕಟ್ಟಿನವರೆಗೆ ತೋಳು ಬಂತು.

ನನಗೆ ಬೇಜಾರಾಗಿತ್ತು ಕಣೇ. ಇಲ್ಲವೆಂದು ಹೇಳುವುದಿಲ್ಲ. ಅತ್ತೆ ಹೊಗಳಿದ ಕೈ ಅದು, ಅದೇ ಕೈ ಮಗನಿಗೆ ನಾಚಿಕೆಯಾಯಿತು. ಕೈಯೇನು ಬದಲಾಗಿರಲಿಲ್ಲ. ಸುದೀಪನಿಗೆ ಇದು ನೆನಪಿಲ್ಲ, ನಾನು ನೆನಪಿಸಿಲ್ಲ, ನೀನೂ ನೆನಪಿಸಬೇಡ. ಲೈನ್‌ಮನ್ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಅವನೇ ಕೇಳಿದ, "ಸೆಕೆಗೆ ಯಾಕಮ್ಮ ಇಷ್ಟುದ್ದ ತೋಳು ಹಾಕ್ತೀಯ?" ನಾನು ಮೆಷಿನ್ ಎಣ್ಣೆ ಮೆತ್ತಿಕೊಳ್ಳುತ್ತದೆ ಎಂದೆ. ಅವನು ನಂಬಿದ.

ಅವನು ನಿನ್ನನ್ನು ಮೊದಲು ನೋಡಿದ ಕಥೆಯನ್ನು ಅವನ ಬಾಯಲ್ಲೇ ಎಷ್ಟು ಸಲ ಕೇಳಿದ್ದೇನೋ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಎತ್ತಿ ಕಟ್ಟುವಾಗ ಇವನ ಅಂಗೈ ಸೀಳಿತ್ತು. ಅಮ್ಮತ್ತಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕಿದರು. ಬಿಚ್ಚಿಸಿಕೊಳ್ಳಲು ಹೋದ ದಿನ ಡ್ಯೂಟಿಯಲ್ಲಿದ್ದ ನರ್ಸು ನೀನು. ಕಂಬ ಹತ್ತಲು ಹೆದರದವನು ಕತ್ತರಿ ನೋಡಿ ಹೆದರಿದನಂತೆ. ನೀನು "ನನ್ನ ಕೈ ಮೇಲಿರೋ ಹೂ ಎಣಿಸಿ ನೋಡುವ" ಎಂದೆಯಂತೆ. ಅವನು ಎಣಿಸಿ ಮುಗಿಸುವಷ್ಟರಲ್ಲಿ ಹೊಲಿಗೆ ಬಿಚ್ಚಿ ಆಗಿತ್ತಂತೆ. ಎಷ್ಟು ಹೂ ಇತ್ತೋ ಎಂದು ಕೇಳಿದರೆ ಪ್ರತಿ ಸಲವೂ ಬೇರೆ ಲೆಕ್ಕ ಹೇಳುತ್ತಾನೆ. ಎಣಿಸಲು ಅವನು ನೋಡಿದ್ದು ಹೂವನ್ನೋ ಹೂವಿನವಳನ್ನೋ ನನಗಂತೂ ಸಂಶಯ.

ಆದರೂ ನಮ್ಮ ಮನೆಗೆ ಬಂದ ದಿನ ನೀನು ಮುಚ್ಚಿಕೊಂಡೇ ಬಂದಿದ್ದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ನಿಮ್ಮೂರು ನೆಲ್ಯಹುದಿಕೇರಿಯಿಂದ ಬಸ್ಸಿನಲ್ಲಿ, ಬೆರಳ ತುದಿಯವರೆಗಿನ ತೋಳಿನ ಚೂಡಿದಾರ ಹಾಕಿಕೊಂಡು. ಅಳತೆ ತೆಗೆಯಬೇಕು, ತೋಳು ಮಡಚು ಎಂದೆ. ನೀನು ಬಾಗಿಲ ಕಡೆ ನೋಡಿದೆ. ಹೊರಗೆ ಭಾವ ಕುಳಿತಿದ್ದರು. ಆಮೇಲೆ ಗೋಡೆಯ ಕಡೆ ತಿರುಗಿ ತೋಳು ಮಡಚಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಕಾಫಿಯ ಒಂದು ರೆಂಬೆ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಏಳೆಂಟು ದಿನಕ್ಕೆ ತೋಟದಲ್ಲಿ ಹೇಗಿರುತ್ತದೋ ಹಾಗೆಯೇ ಗೊಂಚಲು ಗೊಂಚಲು ಹೂ, ನಡುವೆ ಎಲೆ. ನನಗೆ ಟೇಪು ಇಡಲೂ ಮನಸ್ಸಾಗಲಿಲ್ಲ. ಅಳತೆ ಮರೆತು ನಿಂತುಬಿಟ್ಟೆ. ನೀನು ಅದನ್ನು ಕೋಪವೆಂದುಕೊಂಡೆ.

"ಬೈಬೇಡಿ ಅತ್ತೆ. ಅಮ್ಮ ಆಗ್ಲೇ ಬೈದು ಆಗಿದೆ" ಎಂದೆ. ಯಾರ ನೆನಪಿಗೆ ಹಾಕಿಸಿಕೊಂಡೆಯಮ್ಮ ಎಂದು ಕೇಳಿದೆ. ನನಗೆ ಏನೋ ಒಂದು ದುಃಖದ ಕಥೆ ಇರಬೇಕೆನ್ನಿಸಿತ್ತು. ಹೊಳೆ ಬಂದು ನಿಮ್ಮ ಹಳೇ ಮನೆ ಹೋದದ್ದು ಗೊತ್ತಿತ್ತಲ್ಲ, ಅದಕ್ಕೋ, ನಿಮ್ಮಪ್ಪ ತೋಟದಲ್ಲಿ ಕಷ್ಟಪಟ್ಟದ್ದಕ್ಕೋ ಎಂದು. ನೀನು ಹೇಳಿದೆ. "ಯಾರ ನೆನಪಿಗೂ ಅಲ್ಲ ಅತ್ತೆ. ನಂಗೆ ಕಾಫಿ ಹೂ ಇಷ್ಟ. ವರ್ಷಕ್ಕೆ ನಾಲ್ಕು ದಿನ ಇದ್ದು ಹೋಗ್ತದೆ. ಕೈಯಲ್ಲೇ ಇರ್ಲಿ ಅನ್ನಿಸ್ತು, ಹಾಕ್ಸಿಕೊಂಡೆ."

ಅಷ್ಟೇ. ಇಷ್ಟವಾಯಿತು, ಹಾಕಿಸಿಕೊಂಡೆ. ಸಿಂಚನಾ, ಆ ಮಾತು ನನ್ನನ್ನು ಹಿಡಿದುಕೊಂಡಂತೆ ಈಚೆಗೆ ಬೇರೆ ಯಾವ ಮಾತೂ ಹಿಡಿದುಕೊಂಡಿಲ್ಲ. ನನ್ನ ಕೈ ಮೇಲಿರುವುದನ್ನು ಹಾಕಿಸಿದ್ದು ಅಜ್ಜಿ, ಮೆಚ್ಚಿದ್ದು ಅತ್ತೆ, ಮುಚ್ಚಿಸಿದ್ದು ಮಗ. ನನ್ನದೇ ಕೈಯ ವಿಷಯದಲ್ಲಿ ನನಗಿಷ್ಟವೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನನ್ನ ಮುಂದೆ ನಿಂತ ಹುಡುಗಿ ತನ್ನ ತೋಳಿಗೆ ತಾನೇ ಯಜಮಾನಿಯಾಗಿದ್ದಳು. ಇವಳು ನಮ್ಮ ಮನೆಗೆ ಬರುತ್ತಾಳೆ ಎಂದು ಎದೆ ಉಬ್ಬಿತು. ಸುಮ್ಮನೆ ನನ್ನ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದೆ.

ನೀನು ನೋಡಿ, "ಅಯ್ಯೋ ಅತ್ತೆ, ನಿಮ್ದೂ ಇದೆ" ಎಂದೆ. ನಿನ್ನ ಕೈಯನ್ನು ನನ್ನ ಕೈಯ ಪಕ್ಕದಲ್ಲಿ ತಂದಿಟ್ಟೆ. ತೊಟ್ಟಿಲಿನ ಉದ್ದ ಕಾಲನ್ನು ಬೆರಳಲ್ಲಿ ಸವರಿ "ಇದ್ಯಾಕೆ ಹೀಗೆ?" ಎಂದು ಕೇಳಿದೆ. ನಾನು ಕೊಸರಿದ್ದು ಎಂದೆ. ನೀನು ನಕ್ಕುಬಿಟ್ಟೆ. ನಾನೂ ನಕ್ಕೆ. ಹೊರಗಿನಿಂದ ನಮ್ಮ ಯಜಮಾನರು "ಅತ್ತೆ ಸೊಸೆ ಈಗ್ಲೇ ಒಂದಾದ್ರೆ ನಮ್ಮ ಗತಿಯೇನಪ್ಪ" ಎಂದು ಕೂಗಿದರು. ನಿನ್ನ ಮಾವ ಸಣ್ಣಸ್ವಾಮಿ ಹಾಗೆಯೇ, ಎಲ್ಲದಕ್ಕೂ ಒಂದು ತಮಾಷೆ. ಜಗಳ ಬಂದಾಗ ಮಾತ್ರ ತೋಟಕ್ಕೆ ನೀರು ಬಿಡಲು ಹೊರಟುಬಿಡುತ್ತಾರೆ.

ಜಗಳ ಮರುವಾರವೇ ಬಂತು. ನಿನ್ನ ಕೈಯನ್ನು ಭಾವ ಕಿಟಕಿಯಿಂದ ನೋಡಿದ್ದರಂತೆ. ಮನೆಯ ಹಿರಿಯರು, ಅವರ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಬಂದು ಜಗುಲಿಯಲ್ಲಿ ಕುಳಿತು ಹೇಳಿದರು, "ವನಜ, ಹುಡುಗಿ ಒಳ್ಳೇಳೇ ಇರ್ಬೋದು. ಕೈ ತುಂಬ ಗೀಚ್ಕಂಡವ್ಳಲ್ಲ. ಧಾರೆ ಹೊತ್ನಲ್ಲಿ ಊರೋರೆಲ್ಲ ನೋಡಿ ನಗಲ್ವಾ? ರವಿಕೆ ತೋಳ ಬೆರಳಗಂಟ ಇಡು." ಸುದೀಪ "ಅವಳ ಕೈ, ಅವಳಿಷ್ಟ ದೊಡ್ಡಪ್ಪ" ಎಂದ. ದೊಡ್ಡಪ್ಪ ಒಂದು ಸಲ ತಿರುಗಿ ನೋಡಿದ್ದಕ್ಕೆ ಅವನೂ ತಂದೆಯ ಹಿಂದೆ ತೋಟಕ್ಕೆ ಹೊರಟ. ಗಂಡಸರ ಧೈರ್ಯವೆಲ್ಲ ಕಂಬದ ಮೇಲೆ ಇರುತ್ತದೆ ನೋಡು.

ನನಗೂ ಎದುರಾಡಿ ಅಭ್ಯಾಸವಿಲ್ಲ. ಆದರೆ ಹೊಲಿಗೆಯ ವಿಷಯ ಬಂದರೆ ನನಗೆ ಯಾರ ಹೆದರಿಕೆಯೂ ಇಲ್ಲ. "ಭಾವ, ಧಾರೆ ಅಂದ್ರೆ ಕೈ ಮೇಲೆ ಹಾಲು ಬೀಳೋದು. ಊರೋರೆಲ್ಲ ಬಿಟ್ಟ ಹಾಲು ತೋಳಲ್ಲಿ ಇಂಗುತ್ತೆ. ಬಿಸಿಲಿಗೆ ಊಟದ ಹೊತ್ತಿಗೆಲ್ಲ ಹುಳಿ ನಾರುತ್ತೆ. ಮದುವಣಗಿತ್ತಿ ಪಕ್ಕ ಯಾರೂ ಕೂರಕ್ಕಾಗಲ್ಲ" ಎಂದೆ. ಭಾವ ಯೋಚಿಸಿದರು. ಇಷ್ಟು ಮದುವೆ ಮಾಡಿಸಿದ ಹಿರಿಯರಿಗೆ ಅದು ಹೊಳೆದೇ ಇರಲಿಲ್ಲ. "ಹಂಗಾರೆ ಮೇಕಪ್ಪು ಬಳೀರಿ" ಎಂದರು. ಹಾಲು ಬಿದ್ದರೆ ಮೇಕಪ್ಪು ಇಳಿದು ಹಾಲಿನ ಜೊತೆ ತಟ್ಟೆಗೆ ಬೀಳುತ್ತದೆ ಎಂದೆ. ದಿವ್ಯಶ್ರೀ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಭಾವನಿಗೆ ಸಿಟ್ಟು ಬಂತು. "ಹಂಗಾರೆ ಅಳಿಸ್ಕಂಡು ಬರಾಕೇಳು. ಅಳಿಸಾಕೂ ಡಾಕ್ಟ್ರವ್ರೆ ಈಗ" ಎಂದು ಎದ್ದರು.

ಆ ಮಾತೇ ತಿರುಗಿ ತಿರುಗಿ ನಿನ್ನ ಕಿವಿಗೆ ಬಿದ್ದದ್ದು. ಅದಕ್ಕೇ ನೀನು ಜಗಳ ಬೇಡವೆಂದು ಚರ್ಮ ಸುಡಿಸಿಕೊಳ್ಳಲು ಹೊರಟದ್ದು. ಆದರೆ ಅವತ್ತು ಅಲ್ಲಿಗೇ ಮುಗಿಯಲಿಲ್ಲ ಎನ್ನುವುದು ನಿನಗೆ ಗೊತ್ತಿಲ್ಲ. ಆ ಮಾತು ಕೇಳಿಸಿಕೊಂಡ ದಿವ್ಯಶ್ರೀ ಹಾಲು ಕರೆಯಲು ಹಿತ್ತಲಿನಿಂದ ತಮ್ಮ ಕೊಟ್ಟಿಗೆಗೆ ಹೋಗಿಬಿಟ್ಟಿದ್ದಳು.

ಭಾವ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಅವರ ಮುಂದೆ ಹೋಗಿ ನಿಂತು ನನ್ನ ತೋಳು ಮೇಲಕ್ಕೆ ಸರಿಸಿದೆ. ಅವರ ಎದುರು ಹಾಗೆ ನಿಂತದ್ದು ಮದುವೆಯಾಗಿ ಬಂದ ಮೇಲೆ ಇದೇ ಮೊದಲು. "ಭಾವ, ಈ ಕೈ ನೋಡಿ. ನಿಮ್ಮವ್ವ ಹೊರಳಿಸಿ ಹೊರಳಿಸಿ ನೋಡಿ, ಚೆಂದಾಗೈತೆ ಅಂತ ಊರಿಗೆಲ್ಲ ಹೇಳಿ ಹಾಲು ಬಿಟ್ರು. ಗಿಂಡಿ ಹಿಡ್ಕಂಡಿದ್ದೋರು ನೀವೇ. ಅವತ್ತು ಹಚ್ಚೆ ಇಲ್ದಿದ್ರೆ ನನ್ನ ಒಳಕ್ಕೆ ಸೇರಿಸ್ತಿರ್ಲಿಲ್ಲ. ಇವತ್ತು ಹಚ್ಚೆ ಇದೆ ಅಂತ ಅವಳನ್ನ ಸುಟ್ಕೊಂಡು ಬಾ ಅಂತೀರಿ. ನಿಮ್ಮ ಮುಂಗೈ ಮೇಲಿರೋ ಹನುಮಂತನ್ನ ಯಾವ ಡಾಕ್ಟ್ರು ಹತ್ರ ಕಳಿಸನ?" ಭಾವ ಹದಿಹರೆಯದಲ್ಲಿ ಯಾವುದೋ ಸಂತೆಯಲ್ಲಿ ಹಾಕಿಸಿಕೊಂಡ ಹನುಮಂತ ಅದು. ಗದೆ ಹಿಡಿದ ಕೈ ಮಾಸಿ, ಈಗ ಸೌತೆಕಾಯಿ ಹಿಡಿದಂತೆ ಕಾಣುತ್ತದೆ. ಅವರು ನನ್ನ ಕೈಯನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ಗೇಟು ದಾಟಿ ಹೋದರು. ಕಾಫಿ ಕುಡಿಯದೆ ಹೋದದ್ದು ಅವರು ಅದೇ ಮೊದಲು. ನನ್ನ ಮನಸ್ಸು ಹಗುರವಾಗಿತ್ತು.

ನಿನ್ನೆ ಭಾವ ಅಂಗಡಿಗೆ ಬಂದರು. ಕವರಿನಲ್ಲಿ ಮದುವೆಗೆಂದು ತಂದ ರೇಷ್ಮೆ ಅಂಗಿ. ಮೇಜಿನ ಮೇಲಿಟ್ಟು ಎಲ್ಲೋ ನೋಡುತ್ತಾ, "ಇದ್ರ ತೋಳ ಕತ್ತರಿಸಿ ಅರ್ಧ ಮಾಡ್ಕೊಡು. ಧಾರೆ ಹಾಲು ತಾಗಿ ಹುಳಿ ನಾರುತ್ತೆ ಅಂದ್ಯಲ್ಲ" ಎಂದರು. ನಾನು ಸರಿ ಭಾವ ಎಂದೆ. ಹಾಲು ಬಿಡುವವರ ತೋಳಿಗೆ ಹಾಲು ತಾಗುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಹೂ ಕಾಫೀದಾ?" ಎಂದು ಕೇಳಿದರು. ಹೌದೆಂದೆ. "ರೋಬಸ್ಟಾನಾ, ಅರೇಬಿಕಾನಾ?" ಎಂದರು. ಅದನ್ನು ನೀವೇ ಧಾರೆಯ ದಿನ ನೋಡಿ ಹೇಳಿ ಎಂದೆ. ಅಷ್ಟಕ್ಕೇ ಹೊರಟರು. ಅವರು ಬದಲಾದರು ಎಂದು ನಾನು ಹೇಳುವುದಿಲ್ಲ. ನಾಳೆ ಯಾರಾದರೂ ಏನಾದರೂ ಅಂದರೆ ಮತ್ತೆ ಗೊಣಗಿದರೂ ಗೊಣಗಿಯಾರು. ಆದರೆ ಹನುಮಂತ ಅಂತೂ ಮದುವೆಗೆ ಬರುತ್ತಿದ್ದಾನೆ.

ಈಗ ನಿನ್ನ ರವಿಕೆಯ ವಿಷಯ. ಮೊದಲು ನಾನು ಸಿಟ್ಟಿನಲ್ಲಿ ತೋಳನ್ನು ಮೊಣಕೈಗೇ ಕತ್ತರಿಸಿಬಿಡಬೇಕೆಂದು ಕತ್ತರಿ ಎತ್ತಿದ್ದೆ. ಬಟ್ಟೆಯ ಮೇಲೆ ಕತ್ತರಿ ಇಟ್ಟ ಮೇಲೆ ನನ್ನಜ್ಜಿ ನೆನಪಾದಳು. ಅವಳೂ ನನ್ನ ಮೇಲಿನ ಪ್ರೀತಿಗೇ ನನ್ನ ಕೈ ಹಿಡಿದು ಚುಚ್ಚಿಸಿದ್ದು. ನಾನು ಈಗ ಪ್ರೀತಿಯಿಂದ ನಿನ್ನ ತೋಳು ಕತ್ತರಿಸಿ ತೋರಿಸು ಎಂದರೆ ಅದೂ ಇನ್ನೊಬ್ಬರ ಅಪ್ಪಣೆಯೇ ತಾನೇ. ಮುಚ್ಚು ಎನ್ನುವವರ ಸಾಲಿಗೆ ತೋರಿಸು ಎನ್ನುವ ಅತ್ತೆಯೊಬ್ಬಳು ಸೇರಿದರೆ ನಿನಗೆ ಏನು ಬಂತು? ಕತ್ತರಿ ಕೆಳಗಿಟ್ಟೆ.

ನಿನಗೇ ಅದು ಬೇಡವೆನ್ನಿಸಿ ಅಳಿಸಿಕೊಳ್ಳುವುದಾದರೆ ಹೇಳು, ಮೈಸೂರಿಗೆ ನಾನೇ ಜೊತೆಗೆ ಬಂದು ಕೈ ಹಿಡಿದು ಕೂರುತ್ತೇನೆ. ಆದರೆ ನಮಗಾಗಿ ಬೇಡ. ನಮ್ಮ ಮನೆಗೆ ಬರಲು ನೀನು ನಿನ್ನ ಚರ್ಮ ಸುಟ್ಟುಕೊಳ್ಳಬೇಕಾದರೆ ಆ ಮನೆಗೆ ನೀನು ಬರುವುದೇ ಬೇಡ. ಇದನ್ನು ಸುದೀಪನ ತಾಯಿಯಾಗಿಯೇ ಹೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಸೂಜಿಗೆ ಹೆದರುವ ಅಜ್ಜಿಯರು ನಿನ್ನ ಕೈ ಹಿಡಿದುಕೊಂಡು ಹೂ ಎಣಿಸುತ್ತಾ, ತಮ್ಮ ಹಚ್ಚೆ ತೋರಿಸುತ್ತಾ ಕೂರುತ್ತಾರೆ ಎಂದು ಸುದೀಪ ಹೇಳುತ್ತಿರುತ್ತಾನೆ. ಅಂಥ ಕೈ ನಮ್ಮ ಮನೆಯ ಬಾಗಿಲಿಗೆ ಬಂದು ಮುಚ್ಚಿಕೊಳ್ಳಬೇಕೆಂದರೆ ನಾಚಿಕೆಪಡಬೇಕಾದವರು ನಾವು.

ಆದ್ದರಿಂದ ರವಿಕೆಯನ್ನು ಹೀಗೆ ಹೊಲಿದಿದ್ದೇನೆ. ನೀನು ಕೇಳಿದಂತೆಯೇ ತೋಳು ಮಣಿಕಟ್ಟಿನವರೆಗೆ ಇದೆ. ಯಾರು ನೋಡಿದರೂ ತುಂಬು ತೋಳಿನ ರವಿಕೆಯೇ. ಆದರೆ ತೋಳನ್ನು ಮೊಣಕೈಯಲ್ಲಿ ಎರಡು ತುಂಡು ಮಾಡಿ, ಮೇಲಿನದಕ್ಕೆ ಅಂಚು ಮಡಚಿ ಜರಿ ಕೂರಿಸಿ ಪೂರ್ತಿ ಮುಗಿಸಿದ್ದೇನೆ. ಕೆಳಗಿನ ತುಂಡನ್ನು ಅದಕ್ಕೆ ಬರೀ ಕಚ್ಚಾ ಹೊಲಿಗೆಯಲ್ಲಿ, ಕೈಸೂಜಿಯಲ್ಲಿ ಜೋಡಿಸಿದ್ದೇನೆ. ಮೆಷಿನ್ ತಾಗಿಸಿಲ್ಲ. ಒಳಗೆ ಮೊಣಕೈ ಬಳಿ ಬೆರಳಾಡಿಸಿದರೆ ಬಿಳಿ ದಾರದ ಒಂದು ಗಂಟು ಸಿಗುತ್ತದೆ. ಅದನ್ನು ಹಿಡಿದು ಎಳೆದರೆ ಸಾಕು, ಕೆಳಗಿನ ತುಂಡು ಹಾಗೆಯೇ ಕಳಚಿ ಕೈಗೆ ಬರುತ್ತದೆ. ರವಿಕೆಗೆ ಏನೂ ಆಗುವುದಿಲ್ಲ. ಎಳೆಯದಿದ್ದರೂ ಏನೂ ಆಗುವುದಿಲ್ಲ, ದಿನವಿಡೀ ಗಟ್ಟಿಯಾಗಿಯೇ ನಿಲ್ಲುತ್ತದೆ. ನೀನು ಎಳೆದರೂ ನನ್ನ ಸೊಸೆ, ಎಳೆಯದಿದ್ದರೂ ನನ್ನ ಸೊಸೆ.

ನನ್ನ ರವಿಕೆಯ ಕಥೆ ಬೇರೆ. ಬೀಗಿತ್ತಿಯಾಗಿ ನಿಲ್ಲಲು ತಂದ ಹಸಿರು ಸೀರೆಗೆ ನಿನ್ನೆಯೇ ಹೊಲಿದುಕೊಂಡೆ. ತೋಳು ಮೊಣಕೈ ಮೇಲಕ್ಕೆ. ಅದಕ್ಕೆ ಕಚ್ಚಾ ಹೊಲಿಗೆ ಇಲ್ಲ, ಜೋಡಿಸಲು ತುಂಡೂ ಉಳಿಸಿಲ್ಲ. ನನ್ನಿಷ್ಟವೇನೆಂದು ನನ್ನನ್ನೇ ಕೇಳಿಕೊಂಡೆ. ಈ ವಯಸ್ಸಿನಲ್ಲಿ ಉತ್ತರ ಬಂತು. ಆ ವಾರೆ ತೊಟ್ಟಿಲನ್ನು ಬೇಡವೆಂದು ಅತ್ತು ಪಡೆದೆ, ನಿಜ. ಆದರೆ ಈ ಮೆಷಿನ್ ಜೊತೆ ಅದೂ ದುಡಿದಿದೆ, ಸುದೀಪನನ್ನೂ ತೂಗಿದೆ. ಈಗ ಅದು ನನ್ನದು. ಇವರಿಗೆ ತೋರಿಸಿದೆ. "ಇಷ್ಟು ವರ್ಷ ಎಲ್ಲಿಟ್ಟಿದ್ಯೇ ಈ ತೊಟ್ಟಿಲ್ನ, ಮೊಮ್ಮಕ್ಳಿಗೆ ಬೇಕಾಯ್ತದೆ ಕಣೆ" ಎಂದರು. ನೀನು ಇದನ್ನು ಓದುವಾಗ ನಾಚಿಕೊಳ್ಳುತ್ತೀಯೆಂದು ಗೊತ್ತು, ಆದರೂ ಬರೆದೆ.

ಧಾರೆಯ ದಿನ ನನ್ನ ಸರದಿ ಬಂದಾಗ ನಾನು ಗಿಂಡಿಯನ್ನು ಯಾರ ಕೈಗೂ ಕೊಡುವುದಿಲ್ಲ. ನಿನ್ನ ಕೈಯನ್ನು ಹೊರಳಿಸಿ ನೋಡುವುದೂ ಇಲ್ಲ. ನೀನು ಹೇಗೆ ಚಾಚಿದ್ದೀಯೋ ಹಾಗೆಯೇ ಅದರ ಮೇಲೆ ಹಾಲು ಬಿಡುತ್ತೇನೆ. ಬಟ್ಟೆಯ ಮೇಲೆ ಬಿದ್ದರೂ ಸರಿ, ಹೂವಿನ ಮೇಲೆ ಬಿದ್ದರೂ ಸರಿ. ಹೂವಿನ ಮೇಲೆ ಬಿದ್ದರೆ, ಈ ಸಲದ ಹೂಮಳೆ ನಮ್ಮ ಅಂಗಳದಲ್ಲೇ ಆಯಿತು ಎಂದುಕೊಳ್ಳುತ್ತೇನೆ.

ನಿನ್ನ ಕೈಗೆ ಬೇಕಾದ ಕೆಲಸ, ಕೈತುಂಬ ಬಳೆ, ನೀನಾಗಿ ಹಿಡಿದ ಕೈಯ ಆಸರೆ, ಎಲ್ಲವೂ ಸಿಗಲಿ. ಯಾರ ಮುಂದೆಯೂ ಅದು ಸೆರಗಿನೊಳಗೆ ಹೋಗದಿರಲಿ. ಇನ್ನು ರವಿಕೆ ಬಿಡಿಸಿ ನೋಡು. ಗಂಟು ಬಲಗೈಯದು ಸ್ವಲ್ಪ ಬಿಗಿಯಾಗಿದೆ. ಹೊಲಿಗೆ ಬಿಚ್ಚುವುದು ನಿನಗೇನು ಹೊಸದಲ್ಲವಲ್ಲ.

ವಾರೆ ತೊಟ್ಟಿಲಿನ ನಿನ್ನ ಅತ್ತೆ,
ವನಜಮ್ಮ